ಎಳಿಯೊಳಗಿನ ಓಡಾಟ

(ಮಾತಾಡುವವರು ಇಬ್ಬರು. ಒಬ್ಬರು ಧಾರವಾಡ ಸೀಮೆಯ ಎರಿಹೊಲದಲ್ಲಿ ಹರೆಯದಿಂದಲೂ ಹತ್ತಿ ಬೆಳೆದವರು, ವರಲಕ್ಷ್ಮಿ ತಳಿಯ ಬೀಜೋತ್ಪಾದನೆ ಮಾಡಿದವರು. ಇನ್ನೊಬ್ಬಳು ಅವರ ಅಣ್ಣನ ಮಗಳು, ಸಸ್ಯಗಳ ಜೀವಕೋಶದ ಮೇಲೆ ಸಂಶೋಧನೆ ಮಾಡುವವಳು.)

ಕಾಕಾ: ತಂಗಿ, ನೀ ಏನು ಕಲಿಯಾಕತ್ತೀ ಅಂತ ಊರಾಗ ಯಾರರ ಕೇಳಿದ್ರ, ‘ಗಿಡದ ಮ್ಯಾಲ ಓದಾಕತ್ತಾಳ’ ಅಂತೀನಿ. ಅದರ ಮುಂದ ಹೇಳಾಕ ನನಗ ಬರೂದಿಲ್ಲ. ಇವತ್ತ ಇಬ್ಬರಿಗೂ ಸಾವಕಾಶ ಐತಿ. ಬಿಡಿಸಿ ಹೇಳು.

ಮಗಳು: ಗಿಡದ ಒಂದೊಂದು ಜೀವಕೋಶದ ಒಳಗ ಸಾಮಾನು ಹೆಂಗ ಓಡಾಡತೈತಿ, ಗಿಡದ ಬೆಳವಣಿಗಿ ಆ ಓಡಾಟದ ಮ್ಯಾಲ ಹೆಂಗ ನಿಂತೈತಿ, ಬೆಳಕು ಬಿದ್ದಾಗ ಆ ಓಡಾಟ ಹೆಂಗ ದಾರಿ ಬದಲಸತೈತಿ, ಇದನ್ನ ನೋಡ್ತೀನಿ ಕಾಕಾ. ಆದ್ರ ನಾ ಪುಸ್ತಕದಿಂದ ಸುರು ಮಾಡೂದಿಲ್ಲ, ನಿಮ್ಮ ಕೆಲಸದಿಂದ ಸುರು ಮಾಡ್ತೀನಿ. ವರಲಕ್ಷ್ಮಿ ಬೀಜದ ಪ್ಲಾಟಿನ್ಯಾಗ ದಿನಾ ಏನೇನು ಮಾಡ್ತಿದ್ರಿ?

ಕಾಕಾ: ಅದು ಹೆಂಗ ಮರೀತೈತಿ? ಹೆಣ್ಣು ಸಾಲಿಗೆ ಲಕ್ಷ್ಮಿ ತಳಿ, ಗಂಡು ಸಾಲಿಗೆ ಉದ್ದ ಎಳಿಯ ಎಸ್‌ಬಿ 289ಇ. ಮರುದಿನ ಅರಳೂ ಮೊಗ್ಗಿ ಯಾವುದು ಅಂತ ಗುರುತಿಸಿ, ಸಂಜಿಮುಂದ ಹೆಬ್ಬೆರಳಿನ ಉಗರಿಲೆ ಪಕಳಿ, ಕೇಸರ ಎಲ್ಲಾ ಸುಲದು ತಗೀತಿದ್ವಿ. ಮರುದಿನ ಮುಂಜಾನೆ ಗಂಡು ಹೂ ತಂದು ಪರಾಗ ಸವರಿ, ಗುರುತಿಗೆ ದಾರ ಕಟ್ಟತಿದ್ವಿ. ನಮ್ಮ ಧಾರವಾಡದ ಸಂಶೋಧನಾ ಕೇಂದ್ರದಾಗ ಡಾ. ಬಿ.ಎಚ್. ಕಾತರಕಿಯವರು ಆ ತಳಿ ಕೊಟ್ಟದ್ದು 1972ರಾಗ. ಅಮೆರಿಕನ್ ಹತ್ತಿಯ ಇಳುವರಿ, ಬಾರ್ಬಡೆನ್ಸ್ ಹತ್ತಿಯ ಉದ್ದ ಎಳಿ, ಎರಡೂ ಒಂದ ಗಿಡದಾಗ. ಎರಡು ಬ್ಯಾರೆ ಪ್ರಭೇದ ಕೂಡಿಸಿ ರೈತರ ಹೊಲಕ್ಕ ಬಂದ ಮೊದಲನೇ ಹತ್ತಿ ಹೈಬ್ರಿಡ್ ಅದು. ಆಮ್ಯಾಲ 1981ರಾಗ ಡಿಸಿಎಚ್-32 ಬಂತು, ಜಯಲಕ್ಷ್ಮಿ ಅಂತ.

ಮಗಳು: ಕ್ರಾಸ್ ಮಾಡದ ಬಿಟ್ಟ ಹೂ ಅರಳಿದ ಮರುದಿನ ಹೆಂಗ ಕಾಣತೈತಿ?

ಕಾಕಾ: ಬೆಳ್ಳಗಿದ್ದದ್ದು ಕೆಂಪಾಗತೈತಿ. ಆಮ್ಯಾಲ ಬಾಡಿ ಉದುರತೈತಿ, ಕಾಯಿ ಉಳೀತೈತಿ.

ಮಗಳು: ಹೂ ಕೆಂಪಾಗೂದರೊಳಗ ಎಳಿ ಸುರು ಆಗಿಬಿಟ್ಟಿರತೈತಿ. ಹೂ ಅರಳಿದ ದಿನಾನ, ಮುಂದ ಹತ್ತಿಕಾಳು ಆಗೂ ಆ ಎಳಸು ಬೀಜದ ಸಿಪ್ಪಿ ಮ್ಯಾಲಿನ ಕೋಶಗಳೊಳಗ ಸುಮಾರು ನಾಕರಾಗ ಒಂದು ಮ್ಯಾಲ ಉಬ್ಬಿ ಬರತೈತಿ. ಅದ ಮುಂದ ಎಳಿ ಆಗತೈತಿ. ಒಂದು ಎಳಿ ಅಂದ್ರ ಒಂದ ಒಂದು ಜೀವಕೋಶ, ಕಾಕಾ. ನಡುವ ಎಲ್ಲೂ ಇಬ್ಭಾಗ ಆಗಿಲ್ಲ, ಜೋಡಣಿ ಇಲ್ಲ.

ಕಾಕಾ: ಬೊಟ್ಟಿನಾಗ ಹಿಡಿಯೂ ಅಷ್ಟು ಉದ್ದದ ಎಳಿ ಒಂದ ಕೋಶ?

ಮಗಳು: ಹೌದು. ಅಗಲ ಮಿಲಿಮೀಟರಿನ 50ರಾಗ ಒಂದು ಭಾಗ, ಉದ್ದ 3 ಸೆಂಟಿಮೀಟರ್ ಅಂತ ಹಿಡೀರಿ. ಅಗಲಕ್ಕಿಂತ ಉದ್ದ 1500 ಪಟ್ಟು ಆತು. ಗಿಡಗಳ ಜೀವಕೋಶದಾಗ ಇಷ್ಟು ಉದ್ದ ಬೆಳಿಯೂವು ಭಾಳ ಕಡಿಮಿ. ಇದೆಲ್ಲಾ ಉದ್ದ ಆಗೂದು ಹೂ ಅರಳಿದ ಮ್ಯಾಲ 20-25 ದಿನದಾಗ. ಆಮ್ಯಾಲ ಎಳಿ ಉದ್ದ ಆಗೂದು ನಿಂತು, ಗೋಡಿ ದಪ್ಪ ಆಗತೈತಿ.

ಕಾಕಾ: ಆ 20 ದಿನದಾಗ ಮಳಿ ಕೈಕೊಟ್ರ ಎಳಿ ಗಿಡ್ಡ ಆಗತೈತಿ. ಅದು ನಮಗ ಗೊತ್ತಿದ್ದ ಮಾತು.

ಮಗಳು: ಗೊತ್ತಿದ್ದ ಮಾತು, ಕಾರಣಾನೂ ನೀರಿನ್ಯಾಗ ಐತಿ. ಕೋಶ ಒಳಗ ಸಕ್ಕರಿ, ಪೊಟ್ಯಾಸಿಯಂ ಕೂಡಿಸಿಕೊಂಡು ನೀರು ಎಳಕೊಳ್ಳತೈತಿ. ಒಳಗಿನ ಒತ್ತಡದಿಂದ ಗೋಡಿ ಹಿಗ್ಗತೈತಿ. ಆದ್ರ ಒತ್ತಡ ಒಂದಕ್ಕ ಎಳಿ ಬೆಳಿಯೂದಿಲ್ಲ. ಗೋಡಿಗೆ ಹತ್ತಿ ಒಳಗ ಒಂದು ತೆಳ್ಳನ ಪೊರಿ ಇರತೈತಿ. ಆ ಪೊರಿ ನೂರಕ್ಕ ಎರಡು-ಮೂರು ಪಾಲಿಗಿಂತ ಹೆಚ್ಚಿಗೆ ಜಗ್ಗೂದಿಲ್ಲ, ಹೆಚ್ಚು ಜಗ್ಗಿದ್ರ ಹರೀತೈತಿ. ಹಂಗಿದ್ರ 1500 ಪಟ್ಟು ಉದ್ದ ಆಗೂ ಕೋಶಕ್ಕ ಹೊಸಾ ಪೊರಿ ಎಲ್ಲಿಂದ ಬರಬೇಕು?

ಕಾಕಾ: ಒಳಗಿಂದ ಬರಬೇಕು.

ಮಗಳು: ಒಳಗಿಂದ, ಸಣ್ಣ ಸಣ್ಣ ಚೀಲ ಆಗಿ ಬರತೈತಿ. ವೆಸಿಕಲ್ ಅಂತಾರ. ಪೊರಿಯಿಂದ ಆದ ದುಂಡನ ಚೀಲ. ಸುಮಾರಾಗಿ ಒಂದರ ಅಗಲ ಮಿಲಿಮೀಟರಿನ 10,000ದಾಗ ಒಂದು ಭಾಗ. ಕೋಶದ ಒಳಗ ಗಾಲ್ಜಿ ಅಂತ ಒಂದು ಭಾಗ ಐತಿ, ಅಲ್ಲಿ ಪ್ರೋಟೀನು, ಪೆಕ್ಟಿನ್, ಗೋಡಿಗೆ ಬೇಕಾದ ಬ್ಯಾರೆ ಸಾಮಾನು ಈ ಚೀಲದಾಗ ತುಂಬತಾವ. ಚೀಲ ಕಳಚಿಕೊಂಡು ಅಂಚಿಗೆ ಹೋಗಿ ಅಲ್ಲಿನ ಪೊರಿಗೆ ಕೂಡತೈತಿ. ಒಳಗಿನ ಸಾಮಾನು ಹೊರಗ ಗೋಡಿಗೆ ಹೋಗತೈತಿ, ಚೀಲದ ಪೊರಿ ಕೋಶದ ಪೊರಿ ಆಗತೈತಿ. ನಾ ಒಂದು ಲೆಕ್ಕ ಹಾಕಿ ನೋಡಿದೆ. ನಾ ಹೇಳಿದ ಅಳತಿಯ ಒಂದು ಎಳಿಗೆ ಬೇಕಾದ ಪೊರಿ ಇಂಥಾ ಚೀಲದಿಂದನ ಬಂದ್ರ, ಸುಮಾರು 6 ಕೋಟಿ ಚೀಲ ಬೇಕಾಗತಾವ. 20 ದಿನಕ್ಕ ಹಂಚಿದ್ರ ಸೆಕೆಂಡಿಗೆ 35.

ಕಾಕಾ: ಒಂದ ಎಳಿಯಾಗ, ಹಗಲೂ ರಾತ್ರಿ?

ಮಗಳು: ಒಂದ ಎಳಿಯಾಗ. ಕೂಡಿದ ಚೀಲ ಮತ್ತ ಒಳಗ ಬರೂ ಲೆಕ್ಕ ಇದರಾಗ ಹಿಡಿದಿಲ್ಲ.

ಕಾಕಾ: ಅಂದ್ರ ಹುಬ್ಬಳ್ಳಿ-ಧಾರವಾಡದ ನಡುವ ಓಡೂ ಚಿಗರಿ ಬಸ್ಸಿನಂಗ ಆತು. ತನ್ನದ ದಾರಿ, ತನ್ನವ ನಿಲ್ದಾಣ, ಮಂದಿನ್ನ ಹತ್ತಿಸಿಕೊಂಡು ಹೋಗಿ ಇಳಿಸೂದು.

ಮಗಳು: ಹತ್ತೂದು, ಇಳಿಯೂದು, ಠರಾವ್ ಆದ ನಿಲ್ದಾಣ, ಇಷ್ಟು ಸರಿ. ಆದ್ರ ಬಸ್ಸು ಮಂದಿನ್ನ ಇಳಿಸಿ ತಿರುಗಿ ಬರತೈತಿ. ಇಲ್ಲಿ ಬಸ್ಸಿನ ತಗಡನ ನಿಲ್ದಾಣದ ಚಾವಣಿ ಆಗತೈತಿ. ಒಂದೊಂದು ಬಸ್ಸು ಬಂದಾಗೊಮ್ಮೆ ನಿಲ್ದಾಣ ಅಷ್ಟು ಅಗಲ ಆಗತೈತಿ. ಗಿಡದಾಗ ಸಾಗಾಣಿಕಿ ಬ್ಯಾರೆ, ಬೆಳವಣಿಗಿ ಬ್ಯಾರೆ ಅಲ್ಲ. ಸಾಗಾಣಿಕಿನ ಬೆಳವಣಿಗಿ.

ಕಾಕಾ: ಚೀಲಕ್ಕ ತಾ ಎಲ್ಲಿ ಹೋಗಬೇಕು ಅನ್ನೂದು ಹೆಂಗ ತಿಳೀತೈತಿ?

ಮಗಳು: ಚೀಲದ ಮೈಮ್ಯಾಲ ಸ್ನೇರ್ ಅನ್ನೂ ಪ್ರೋಟೀನು ಇರತಾವ. ಹೋಗಿ ಕೂಡೂ ಪೊರಿ ಮ್ಯಾಲ ಅದಕ್ಕ ಜೋಡಿ ಆಗೂ ಸ್ನೇರ್ ಇರತಾವ. ಎರಡೂ ಒಂದಕ್ಕೊಂದು ಹುರಿಗೊಂಡು ಎರಡು ಪೊರಿ ಹತ್ತಿರ ಎಳದು ಕೂಡಸ್ತಾವ. ಜೋಡಿ ಅಲ್ಲದ ಕಡೆ ಕೂಡೂದಿಲ್ಲ. ರ‍್ಯಾಬ್ ಅನ್ನೂ ಬ್ಯಾರೆ ಪ್ರೋಟೀನುಗಳು ಚೀಲ ಸರಿಯಾದ ಜಾಗಕ್ಕ ಮುಟ್ಟೂಹಂಗ ನೋಡಿಕೊಳ್ತಾವ. ಇದನ್ನ ಕಂಡುಹಿಡದದ್ದು ಗಿಡದಾಗ ಅಲ್ಲ. ರ‍್ಯಾಂಡಿ ಶೆಕ್‌ಮನ್ ಯೀಸ್ಟ್‌ದಾಗ ಸಾಗಾಣಿಕಿಯ ಜೀನ್ ಹುಡುಕಿದ್ರು. ಜೇಮ್ಸ್ ರಾಥ್‌ಮನ್ ಪ್ರಾಣಿಗಳ ಕೋಶದಾಗ ಪೊರಿ ಕೂಡಿಸೂ ಪ್ರೋಟೀನು ಬಿಡಿಸಿ ತೋರಿಸಿದ್ರು. ಥಾಮಸ್ ಸ್ಯೂಡಾಫ್ ನರಕೋಶದಾಗ ಚೀಲ ಯಾವ ಗಳಿಗಿಗೆ ಕೂಡಬೇಕು ಅನ್ನೂದು ಹೆಂಗ ಠರತೈತಿ ಅಂತ ತೋರಿಸಿದ್ರು. ಮೂವರಿಗೂ 2013ರಾಗ ನೊಬೆಲ್ ಬಂತು. ಯೀಸ್ಟ್, ಮನಿಷ್ಯಾ, ಹತ್ತಿ ಗಿಡ, ಎಲ್ಲಾರ ಕೋಶದಾಗೂ ಇದರ ಮೂಲ ರೀತಿ ಒಂದ.

ಕಾಕಾ: ನೀ ಈ ಓಡಾಟ ಕಣ್ಣಿಲೆ ನೋಡೀಯೇನು?

ಮಗಳು: ಚೀಲ ಒಂದೊಂದಾಗಿ ಸಾದಾ ಸೂಕ್ಷ್ಮದರ್ಶಕದಾಗ ಕಾಣೂದಿಲ್ಲ, ಅದಕ್ಕ ಹೊಳಿಯೂ ಪ್ರೋಟೀನು ಜೋಡಿಸಿ ದೊಡ್ಡ ಯಂತ್ರದಾಗ ನೋಡಬೇಕು. ಆದ್ರ ಒಟ್ಟು ಓಡಾಟ ಬಿ.ಎಸ್ಸಿ. ಓದೂ ಹುಡುಗರೂ ನೋಡ್ತಾರ. ಕೆರಿಯಾಗ ಬೆಳಿಯೂ ಹೈಡ್ರಿಲ್ಲಾದ ಒಂದು ಎಲಿ ಗಾಜಿನ ಮ್ಯಾಲಿಟ್ರ, ಹಸರು ಕಣ ಎಲ್ಲಾ ಕೋಶದ ಅಂಚಿಗುಂಟ ಸುತ್ತು ಹೊಡಿಯೂದು ಕಾಣತೈತಿ. ಇಟಲಿಯ ಕೋರ್ಟಿ ಅನ್ನಾವ್ರು ಇಂಥಾ ಹರಿವನ್ನ 1774ರಾಗನ ಬರದಿಟ್ಟಾರ. ಅದನ್ನ ಓಡಿಸೂದು ಮಯೋಸಿನ್ ಅನ್ನೂ ಪ್ರೋಟೀನು. ಆಕ್ಟಿನ್ ಎಳಿಗಳ ಮ್ಯಾಲ ಹೆಜ್ಜಿ ಇಡಕೋತ ಅದು ಚೀಲ, ಕಣಗಳನ್ನ ಎಳಕೊಂಡು ಹೋಗತೈತಿ.

ಕಾಕಾ: ಅದು ಜೋರಾಗಿ ಓಡಿದ್ರ ಗಿಡ ಜೋರಾಗಿ ಬೆಳೀತೈತೇನು?

ಮಗಳು: ನಿಮ್ಮ ಈ ಪ್ರಶ್ನೀನ 2013ರಾಗ ಜಪಾನಿನ ತೊಮಿನಾಗಾ ಮತ್ತು ಅವರ ಜೋಡಿಯವರು ಕೇಳಿದ್ರು. ಕಾರಾ ಅಂತ ಒಂದು ನೀರಿನ ಪಾಚಿ ಐತಿ, ಅದರ ಮಯೋಸಿನ್ ಭಾಳ ವೇಗದ್ದು. ಅದರ ಓಡೂ ಭಾಗ ತಗದು ಅರಾಬಿಡಾಪ್ಸಿಸ್ ಅನ್ನೂ ಸಾಸಿವಿ ಕುಲದ ಸಣ್ಣ ಗಿಡದ ಮಯೋಸಿನ್ನಿಗೆ ಜೋಡಿಸಿದ್ರು. ಗಿಡ ದೊಡ್ಡದಾತು. ಮನಿಷ್ಯಾರ ನಿಧಾನದ ಮಯೋಸಿನ್ನಿನ ಭಾಗ ಜೋಡಿಸಿದ್ರು, ಗಿಡ ಸಣ್ಣದಾತು. ಒಳಗಿನ ವೇಗ ಹೊರಗಿನ ಎತ್ತರಕ್ಕ ನೇರ ಸಂಬಂಧ ಅನ್ನೂದಕ್ಕ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗ ಬ್ಯಾರೆ ಕಾಣೂದಿಲ್ಲ.

ಕಾಕಾ: ಎಳಿ ಉದ್ದ ಆಗೂದು ತಿಳೀತು. ಗಟ್ಟಿ ಆಗೂದು? ಪ್ಯಾಟ್ಯಾಗ ಉದ್ದ ಒಂದ ಕೇಳೂದಿಲ್ಲ, ಎಳಿ ಜಗ್ಗಿ ನೋಡ್ತಾರ.

ಮಗಳು: ಗಟ್ಟಿತನ ಕೊಡೂದು ಸೆಲ್ಯುಲೋಸು. ಬಲಿತ ಹತ್ತಿ ಎಳಿಯಾಗ ನೂರಕ್ಕ 90ಕ್ಕಿಂತ ಹೆಚ್ಚು ಪಾಲು ಅದ. ಪೆಕ್ಟಿನ್ ಒಳಗ ತಯಾರಾಗಿ ಚೀಲದಾಗ ಬರತೈತಿ ಅಂದ್ನಲ್ಲ, ಸೆಲ್ಯುಲೋಸು ಹಂಗ ಬರೂದಿಲ್ಲ. ಅದನ್ನ ಮಾಡೂ ಪ್ರೋಟೀನುಗಳ ಗುಂಪು ಗಾಲ್ಜಿಯಾಗ ಜೋಡಣಿ ಆಗಿ ಚೀಲದಾಗ ಕೂತು ಪೊರಿಗೆ ಬರತೈತಿ. ಪೊರಿಯಾಗ ಕೂತ ಮ್ಯಾಲ, ಒಳಗಿನ ಸಕ್ಕರಿ ತಗೊಂಡು ಹೊರಗ ಸೆಲ್ಯುಲೋಸಿನ ಎಳಿ ಬಿಡಕೋತ ಮುಂದ ಸರೀತೈತಿ. 2006ರಾಗ ಅಮೆರಿಕಾದ ಸ್ಟ್ಯಾನ್‌ಫರ್ಡ್‌ದಾಗ ಪರೆಡೆಸ್, ಸಾಮರ್‌ವಿಲ್, ಎರ್ಹಾರ್ಟ್ ಇದು ಜೀವಂತ ಕೋಶದಾಗ ಸರಿಯೂದನ್ನ ಚಿತ್ರ ಹಿಡದು ತೋರಿಸಿದ್ರು. ಚೀಲ ಇದನ್ನ ಎಲ್ಲಿ ಇಳಸತೈತಿ, ಅಲ್ಲಿಂದ ಗೋಡಿ ಹೆಣಿಯೂದು ಸುರು. ಇನ್ನೊಂದು ಮಾತು, ಇದರಾಗ ಹತ್ತಿಗೆ ದೊಡ್ಡ ಮಾನ ಐತಿ. ಗಿಡದಾಗ ಸೆಲ್ಯುಲೋಸು ಮಾಡೂ ಜೀನ್ ಮೊದಲ ಸಿಕ್ಕದ್ದು ಹತ್ತಿ ಎಳಿಯಾಗ, 1996ರಾಗ, ಡೆಬೊರಾ ಡೆಲ್ಮರ್ ಅವರ ತಂಡಕ್ಕ.

ಕಾಕಾ: ಗರಗದಾಗ ಧ್ವಜದ ಖಾದಿ ನೇಯ್ತಾರ, ಹುಬ್ಬಳ್ಳಿ ಬೆಂಗೇರಿಯಾಗ ರಾಷ್ಟ್ರಧ್ವಜ ತಯಾರು ಮಾಡ್ತಾರ. ಆ ಬಟ್ಟಿಯ ಗಟ್ಟಿತನಾನೂ ಇಲ್ಲಿಂದನ ಬಂತು.

ಮಗಳು: ಇಲ್ಲಿಂದನ. ನೂಲು ತಗಿಯೂ ಕೈಗೆ ಸಿಗೂದಕ್ಕ ಮೊದಲ, ಗಿಡ ಒಂದು ಸಲ ನೂತು ಮುಗಿಸಿರತೈತಿ.

ಕಾಕಾ: ಬೆಳಕಿನ ಮಾತು ಅಂದಿದ್ದಿ. ಅದನ್ನ ಎಲ್ಲಿ ಬಿಟ್ಟಿ?

ಮಗಳು: ದಸರಾಕ್ಕ ನಾವು ಘಟ ಹಾಕ್ತೀವಲ್ಲ, ಆ ಸಸಿ ನೆನಸ್ಕೋರಿ.

ಕಾಕಾ: ದೇವರ ಮನಿಯಾಗ ಮಣ್ಣು ಹಾಸಿ ಜ್ವಾಳ, ಗೋದಿ ಬಿತ್ತೂದು. ಒಂಬತ್ತು ದಿನಕ್ಕ ಸಸಿ ಹಳದಿ ಆಗಿ, ಉದ್ದಾಗಿ, ನಾಜೂಕ ಬೆಳದು ನಿಂತಿರತಾವ. ಹೊಲದಾಗ ಅದ ಕಾಳು ಬಿತ್ತಿದ್ರ ಅದ ಒಂಬತ್ತು ದಿನಕ್ಕ ಗಿಡ್ಡ, ಹಸರು, ಗಟ್ಟಿ.

ಮಗಳು: ಕಾಳು ಅದ, ನೀರು ಅದ, ಬೆಳಕು ಒಂದ ಬ್ಯಾರೆ. ಕತ್ತಲದಾಗ ಸಸಿ ಇದ್ದಷ್ಟು ಸತ್ವ ಎಲ್ಲಾ ಉದ್ದ ಆಗೂದಕ್ಕ ಹಾಕತೈತಿ, ಮಣ್ಣು ದಾಟಿ ಮ್ಯಾಲ ಬರಬೇಕು ಅಂತ. ಬೆಳಕು ತಟ್ಟಿದ ಕೂಡಲೆ ದೇಟಿನ ಓಟ ನಿಂತು ಎಲಿ ಅಗಲ ಆಗತಾವ. ಕೆಂಪು ಬೆಳಕನ್ನ ಫೈಟೊಕ್ರೋಮ್ ಗುರುತಿಸತೈತಿ, ನೀಲಿ ಬೆಳಕನ್ನ ಕ್ರಿಪ್ಟೊಕ್ರೋಮ್, ಫೋಟೊಟ್ರೋಪಿನ್ ಗುರುತಿಸತಾವ. ಇನ್ನ, ಕಿಡಕಿ ಬದಿಗೆ ಇಟ್ಟ ಘಟದ ಸಸಿ?

ಕಾಕಾ: ಕಿಡಕಿ ಕಡೆ ಬಾಗಿರತಾವ.

ಮಗಳು: ಆ ಬಾಗೂದನ್ನ ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸ್ ಜೋಡಿ ಕೂಡಿ ನೋಡಿ, 1880ರಾಗ ಪುಸ್ತಕ ಬರದ. ಹುಲ್ಲಿನ ಸಸಿಯ ತುದಿ ಮುಚ್ಚಿದ್ರ ಬಾಗೂದಿಲ್ಲ. ಬೆಳಕು ತಟ್ಟೂದು ತುದಿಗೆ, ಬಾಗೂದು ಕೆಳಗ. ನಡುವ ಏನೋ ಒಂದು ಇಳದು ಬರಬೇಕು ಅಂತ ಅವರು ತರ್ಕ ಮಾಡಿದ್ರು. 1920ರ ದಶಕದಾಗ ಹಾಲೆಂಡಿನ ಫ್ರಿಟ್ಸ್ ವೆಂಟ್ ಆ ವಸ್ತುವನ್ನ ಓಟ್ಸ್ ಸಸಿಯ ತುದಿಯಿಂದ ಅಗರ್ ತುಂಡಿಗೆ ಇಳಿಸಿ ತೋರಿಸಿದ್ರು. ಅದು ಆಕ್ಸಿನ್. ನಿಮಗ ಅದರ ಪರಿಚಯ ಐತಿ.

ಕಾಕಾ: ನನಗ?

ಮಗಳು: ಹತ್ತಿ ಮೊಗ್ಗಿ ಉದುರಬಾರದು ಅಂತ ಪ್ಲಾನೋಫಿಕ್ಸ್ ಹೊಡೀತೀರಲ್ಲ, ಅದರಾಗ ಇರೂದು ಎನ್‌ಎಎ, ಮನಿಷ್ಯಾ ಮಾಡಿದ ಆಕ್ಸಿನ್. ಕಳೆಗೆ ಹೊಡಿಯೂ 2,4-ಡಿ ಸೈತ ಆಕ್ಸಿನ್ನಿನಂಗ ಕೆಲಸ ಮಾಡೂ ವಸ್ತು.

ಕಾಕಾ: ಬಾಜೂ ಹೊಲದಾಗ 2,4-ಡಿ ಹೊಡದ್ರ ಗಾಳಿಗೆ ತೂರಿ ಬಂದು ನಮ್ಮ ಹತ್ತಿ ಎಲಿ ಎಲ್ಲಾ ಬೊಟ್ಟು ಬೊಟ್ಟಾಗಿ ಸೀಳಿ, ಮುದುರಿ ಹೋಗತಾವ. ಹತ್ತಿಗೆ ಅದು ತಾಳೂದಿಲ್ಲ.

ಮಗಳು: ಗಿಡ ತನ್ನ ಆಕ್ಸಿನ್ನನ್ನ ಒಂದು ಕೋಶದಿಂದ ಇನ್ನೊಂದಕ್ಕ ಸರಿಯಾಗಿ ಸಾಗಸತೈತಿ. 2,4-ಡಿ ಕೋಶದ ಒಳಗ ಬರತೈತಿ, ಆದ್ರ ಅದನ್ನ ಹೊರಗ ಕಳಿಸೂದು ಕೋಶಕ್ಕ ಸರಿಯಾಗಿ ಆಗೂದಿಲ್ಲ. ಎಲ್ಲಿ ಎಷ್ಟು ಆಕ್ಸಿನ್ ಅನ್ನೂ ಗಿಡದ ಲೆಕ್ಕ ತಪ್ಪತೈತಿ, ಎಲಿಯ ಆಕಾರ ಕೆಡತೈತಿ. ನಮ್ಮ ವಿಷಯದ ಗಂಟು ಇಲ್ಲಿ ಐತಿ ಕಾಕಾ. ಆಕ್ಸಿನ್ ಎಷ್ಟು ಐತಿ ಅನ್ನೂದಕ್ಕಿಂತ ಯಾವ ಕಡೆ ಹೋಗತೈತಿ ಅನ್ನೂದು ದೊಡ್ಡದು.

ಕಾಕಾ: ಕಡೆ ಠರಾಯಿಸೂದು ಯಾರು?

ಮಗಳು: ಪಿನ್ ಅನ್ನೂ ಪ್ರೋಟೀನುಗಳು. ಆಕ್ಸಿನ್ನನ್ನ ಕೋಶದಿಂದ ಹೊರಗ ಕಳಿಸೂವು ಅವ. ಕೋಶದ ಕೆಳಗಿನ ಮೈಯಾಗ ಪಿನ್ ಇದ್ರ ಆಕ್ಸಿನ್ ಕೆಳಗ ಹೋಗತೈತಿ, ಬಾಜೂ ಮೈಯಾಗ ಇದ್ರ ಬಾಜೂಕ ಹೋಗತೈತಿ. ಅವುಗಳೊಳಗ ಒಂದಾದ ಪಿನ್1 ಕೆಟ್ಟ ಅರಾಬಿಡಾಪ್ಸಿಸ್ ಗಿಡದ ದೇಟು ಹೂ ಬಿಡದ ಬೋಳಾಗಿ ನಿಲ್ಲತೈತಿ. ಪಿನ್ ಪೊರಿಗೆ ಬರೂದೂ ಚೀಲದಾಗನ. ಮೊದಮೊದಲ ವಿಜ್ಞಾನಿಗಳು ಏನು ತಿಳಕೊಂಡಿದ್ರು ಅಂದ್ರ, ಒಮ್ಮೆ ಒಂದು ಮೈಗೆ ಬಂದು ಕೂತ ಪಿನ್ ಅಲ್ಲೇ ಕೂತಿರತೈತಿ ಅಂತ.

ಕಾಕಾ: ಹಂಗಿಲ್ಲೇನು?

ಮಗಳು: ಇಲ್ಲ. ಜರ್ಮನಿಯ ಗೆರ್ಡ್ ಯುರ್ಗೆನ್ಸ್ ಅವರ ತಂಡ ಗ್ನೋಮ್ ಅನ್ನೂ ಜೀನ್ ಹುಡುಕಿತ್ತು. ಅದು ಕೆಟ್ರ ಬೀಜದೊಳಗಿನ ಮೊಳಕಿಗೆ ಬೇರಿಲ್ಲ, ಆಕಾರ ಇಲ್ಲ, ಮ್ಯಾಲ-ಕೆಳಗ ಅನ್ನೂದ ಇಲ್ಲ. ಆ ಜೀನಿನ ಕೆಲಸ ಚೀಲ ಕಟ್ಟೂದಕ್ಕ ಸಂಬಂಧಪಟ್ಟದ್ದು ಅಂತ ಆಮ್ಯಾಲ ತಿಳೀತು. ಬ್ರೆಫೆಲ್ಡಿನ್-ಎ ಅಂತ ಒಂದು ವಸ್ತು ಐತಿ, ಬೂಸ್ಟಿನಿಂದ ಬರೂದು. ಗ್ನೋಮಿನ ಕೆಲಸ ಅದು ತಡೀತೈತಿ. 2001ರಾಗ ನಿಕೋ ಗೆಲ್ಡ್‌ನರ್, ಯಿರ್ಜಿ ಫ್ರಿಮ್ಲ್ ಮತ್ತು ಜೋಡಿಯವರು ಸಸಿಯ ಬೇರಿಗೆ ಅದನ್ನ ಕೊಟ್ರು. ಪೊರಿಯಾಗಿದ್ದ ಪಿನ್1 ಎಲ್ಲಾ ಒಳಗ ಬಂದು ಉಂಡಿ ಕಟ್ಟಿತು. ಬೇರು ತೊಳದ್ರು, ಪಿನ್ ಮತ್ತ ಮೊದಲಿನ ಮೈಗೆ ಹೋಗಿ ಕೂತ್ವು. ಹೊಸಾ ಪ್ರೋಟೀನು ತಯಾರಾಗದಂಗ ತಡದಿದ್ದಾಗೂ ಹಂಗ ಆತು. ಅಂದ್ರ ಒಳಗ ಹೋದದ್ದ ಹೊರಗ ಬಂತು.

ಕಾಕಾ: ತಡಿ, ಔಷಧ ಕೊಟ್ಟಾಗ ಒಳಗ ಬಂದ್ವು ಅಂದ್ರ, ಕೊಡದಿದ್ದಾಗೂ ದಿನಾ ಒಳಗ ಬರ್ತಿದ್ದುವ? ಔಷಧ ಹೊರಗ ಹೋಗೂದನ್ನ ಅಷ್ಟ ನಿಲ್ಲಿಸಿತು?

ಮಗಳು: ನೀವು ಹೇಳಿದ್ದ ಅವರು ಕಂಡ ಸತ್ಯ. ಪಿನ್ ಪೊರಿಯಾಗ ನಿಂತಂಗ ಕಾಣತೈತಿ, ಖರೆ ನಿಂತಿರೂದಿಲ್ಲ. ಗಳಿಗಿಗೊಮ್ಮೆ ಪೊರಿಯಿಂದ ಕಿತ್ತು ಚೀಲದಾಗ ಒಳಗ ಬರತೈತಿ, ಮತ್ತ ಚೀಲದಾಗ ಹೊರಗ ಹೋಗತೈತಿ. ನೆಟ್ಟಗ ನಿಂತ ಗಿಡದ ಮ್ಯಾಲ-ಕೆಳಗ ಅನ್ನೂದು ಒಮ್ಮೆ ಠರಾಯಿಸಿ ಬಿಟ್ಟದ್ದಲ್ಲ, ಗಳಿಗಿ ಗಳಿಗಿಗೂ ಮತ್ತ ಮತ್ತ ಮಾಡಿ ಉಳಿಸಿಕೊಂಡದ್ದು.

ಕಾಕಾ: ಇದ್ದದ್ದನ್ನ ತಗದು ಅಲ್ಲೇ ಇಡೂದಕ್ಕ ಇಷ್ಟು ಶ್ರಮ ಯಾಕ? ಸತ್ವ ಖರ್ಚು ಆಗೂದಿಲ್ಲೇನು?

ಮಗಳು: ಆಗತೈತಿ. ಆ ಖರ್ಚಿಗೆ ಸಿಗೂದು ಬದಲಾಗೂ ಶಕ್ತಿ. ಪಿನ್ ಗಟ್ಟಿಯಾಗಿ ಅಲ್ಲೇ ಕೂತಿದ್ರ, ಕಿಡಕಿಯಿಂದ ಬೆಳಕು ಬಂದಾಗ ಗಿಡಕ್ಕ ಏನು ಮಾಡಾಕ ಬರ್ತಿತ್ತು? 2011ರಾಗ ಫ್ರಿಮ್ಲ್ ಅವರ ತಂಡ ಅದನ್ನ ತೋರಿಸಿತು. ಕತ್ತಲದಾಗ ಬೆಳದ ಸಸಿಯ ದೇಟಿನ ಒಳಪದರದಾಗ ಪಿನ್3 ಕೋಶದ ಎಲ್ಲಾ ಮೈಗೂ ಇರತೈತಿ. ಒಂದು ಕಡೆಯಿಂದ ಬೆಳಕು ಬಿಟ್ರ, ಬೆಳಕಿನ ಕಡೆಯ ಕೋಶಗಳ ಹೊರಮೈಯಿಂದ ಪಿನ್3 ಕಡಿಮಿ ಆಗತೈತಿ, ನೆರಳಿನ ಕಡೆ ಮುಖ ಮಾಡಿದ ಮೈಯಾಗ ಉಳೀತೈತಿ. ಆಕ್ಸಿನ್ ನೆರಳಿನ ಕಡೆ ಹೋಗಿ ಕೂಡತೈತಿ. ಆ ಕಡೆಯ ಕೋಶ ಹೆಚ್ಚು ಉದ್ದ ಆಗತಾವ, ಸಸಿ ಬೆಳಕಿನ ಕಡೆ ಬಾಗತೈತಿ. ಇದಕ್ಕ ಗ್ನೋಮ್ ನಡಸೂ ಸಾಗಾಣಿಕಿ ಬೇಕ ಬೇಕು. ದಿನಾ ತಗದು ಇಡೂ ರೂಢಿ ಇದ್ದದ್ದಕ್ಕ, ತಗದದ್ದನ್ನ ಬ್ಯಾರೆ ಕಡೆ ಇಡಾಕ ಬಂತು.

ಕಾಕಾ: ಮಣ್ಣಿನೊಳಗಿನ ಬೇರಿಗೂ ಬೆಳಕು-ಕತ್ತಲಿ ತಿಳೀತೈತೇನು?

ಮಗಳು: ತಿಳೀತೈತಿ. 2008ರಾಗ ಆಶ್ವರ್ಯಾ ಲಕ್ಷ್ಮಿ ಮತ್ತು ಜೋಡಿಯವರು ಬೇರಿನ ಪಿನ್2 ನೋಡಿದ್ರು. ಅವರು ಈಗ ದೆಹಲಿಯ ರಾಷ್ಟ್ರೀಯ ಸಸ್ಯ ಜೀನೋಮ್ ಸಂಶೋಧನಾ ಸಂಸ್ಥೆಯವರು. ಸಸಿಯನ್ನ ಕತ್ತಲದಾಗ ಇಟ್ರ ಪಿನ್2 ಪೊರಿಯಾಗ ಕಡಿಮಿ ಆಗಿ ಕೋಶದ ಒಳಗ ಸೇರತೈತಿ. ಬೆಳಕಿಗೆ ತಂದ್ರ ಮತ್ತ ಪೊರಿಯಾಗ ಕಾಣತೈತಿ. ಒಂದ ಪ್ರೋಟೀನು, ಎಲ್ಲಿರಬೇಕು ಅನ್ನೂದನ್ನ ಬೆಳಕು ಠರಾಯಿಸಿತು.

ಕಾಕಾ: ಬೆಳಕು ಹಿಡಿಯೂ ಪ್ರೋಟೀನೂ ಹಿಂಗ ಒಳಗ-ಹೊರಗ ಓಡಾಡತೈತೇನು?

ಮಗಳು: ಫೋಟೊಟ್ರೋಪಿನ್ ಪೊರಿಗೆ ಹತ್ತಿಕೊಂಡಿರತೈತಿ, ನೀಲಿ ಬೆಳಕು ಬಿದ್ದ ಮ್ಯಾಲ ಅದರಾಗ ಒಂದಿಷ್ಟು ಒಳಗ ಸರೀತೈತಿ. ವಿನ್ಸ್‌ಲೋ ಬ್ರಿಗ್ಸ್ ಅವರ ಪ್ರಯೋಗಶಾಲೆಯಾಗ 2002ರಾಗ ಇದು ಕಂಡಿತು. ಒಳಗ ಹೋಗಿ ಸುದ್ದಿ ಮುಟ್ಟಸತೈತಿ ಅಂತ ಆವಾಗ ಸಹಜ ಅನಿಸ್ತು. ಆಮ್ಯಾಲ ಆ ಪ್ರೋಟೀನನ್ನ ಪೊರಿಗೆ ಬಿಡದಂಗ ಅಂಟಿಸಿ ನೋಡಿದ್ರು. ಸಸಿ ಬಾಗಿತು. ಅಂದ್ರ ಬಾಗೂದಕ್ಕ ಬೇಕಾದ ಸುದ್ದಿ ಪೊರಿಯಿಂದನ ಹೊರಡತೈತಿ. ಕಂಡ ಓಡಾಟಕ್ಕೆಲ್ಲಾ ನಮ್ಮ ಮನಸ್ಸಿಗೆ ಒಪ್ಪೂ ಅರ್ಥ ಹಚ್ಚಬಾರದು, ಒಂದೊಂದನ್ನ ತಡದು ನೋಡಬೇಕು.

ಕಾಕಾ: ನೀ ಹೇಳಿದ್ದು ಕೋಣಿಯೊಳಗಿನ ಸಸಿ, ಕಿಡಕಿಯ ಬೆಳಕು. ಹೊಲದಾಗ ನಾಕೂ ಕಡೆ ಬಿಸಲು. ಅಲ್ಲಿ ಇದು ಎಲ್ಲಿ ಬಂತು?

ಮಗಳು: ಹತ್ತಿ ಸಾಲು ಒತ್ತಟ್ಟು ಬಿತ್ತಿದ್ರ ಗಿಡ ಏನು ಮಾಡತಾವ?

ಕಾಕಾ: ಒಂದಕ್ಕೊಂದು ಪೈಪೋಟಿ ಮಾಡಿ ಮ್ಯಾಲ ಏರತಾವ. ಕೆಳಗಿನ ಟೊಂಗಿ ಬಡವಾಗಿ ಕಾಯಿ ಕಡಿಮಿ.

ಮಗಳು: ಪೂರಾ ನೆರಳು ಬೀಳೂದರ ಮೊದಲ ಅವು ಏರಾಕ ಸುರು ಮಾಡತಾವ. ಬಾಜೂ ಗಿಡದ ಎಲಿ ಕೆಂಪು ಬೆಳಕು ನುಂಗತೈತಿ, ಅದರಾಚಿನ ದೂರಕೆಂಪು ಬೆಳಕು ತಿರುಗಿಸಿ ಕಳಸತೈತಿ. ದೂರಕೆಂಪು ಹೆಚ್ಚಾತು ಅಂದ್ರ ಫೈಟೊಕ್ರೋಮಿಗೆ ನೆರೆಮನಿ ಬಂತು ಅನ್ನೂದು ತಿಳೀತೈತಿ. ಅರಾಬಿಡಾಪ್ಸಿಸ್‌ದಾಗ 2010ರಾಗ ನೆದರ್ಲೆಂಡಿನವರು ತೋರಿಸಿದ್ದು ಏನಂದ್ರ, ಆ ಗಳಿಗಿಗೆ ದೇಟಿನ್ಯಾಗ ಪಿನ್3 ಹೆಚ್ಚಾಗತೈತಿ, ಬಾಜೂ ಮೈಗೆ ಸರೀತೈತಿ. ಆಕ್ಸಿನ್ ದೇಟಿನ ಹೊರಪದರಕ್ಕ ಮುಟ್ಟತೈತಿ, ದೇಟು ಉದ್ದ ಆಗತೈತಿ. ನೀವು ಸಾಲಿನ ಅಂತರ ಠರಾಯಿಸಿದಾಗ, ಗಿಡದ ಕೋಶದಾಗ ಯಾವ ಪ್ರೋಟೀನು ಯಾವ ಮೈಗೆ ಹೋಗಬೇಕು ಅನ್ನೂದರಾಗೂ ನಿಮ್ಮ ಕೈ ಇರತೈತಿ.

ಕಾಕಾ: ಬರ ಬಿದ್ದಾಗ?

ಮಗಳು: ಆವಾಗೂ ಇದ ರೀತಿ. ಎಲಿಯ ರಂಧ್ರಗಳನ್ನ ಕಾಯೂ ಕೋಶ ಮುಂಜಾನಿ ನೀಲಿ ಬೆಳಕಿಗೆ ಉಬ್ಬಿ ರಂಧ್ರ ತಗೀತಾವ. ಪೊರಿ ಜಗ್ಗೂದಿಲ್ಲ ಅಂದ್ನಲ್ಲ, ಅಲ್ಲಿ ಉಬ್ಬಾಕೂ ಚೀಲ ಬಂದು ಕೂಡಬೇಕು, ಮುಚ್ಚುವಾಗ ಪೊರಿ ತಿರುಗಿ ಒಳಗ ಬರಬೇಕು. ನೀರು ಕಡಿಮಿ ಆದ್ರ ಗಿಡದಾಗ ಅಬ್ಸಿಸಿಕ್ ಆಮ್ಲ ಹೆಚ್ಚಾಗತೈತಿ. ಪೊಟ್ಯಾಸಿಯಂ ಒಳಗ ಬಿಡೂ ಕೆಎಟಿ1 ಅನ್ನೂ ಪ್ರೋಟೀನನ್ನ ಅದು ಪೊರಿಯಿಂದ ಒಳಗ ಎಳಕೊಳ್ಳೂಹಂಗ ಮಾಡತೈತಿ, ಆಮ್ಲ ಕಡಿಮಿ ಆದಮ್ಯಾಲ ಆ ಪ್ರೋಟೀನು ತಿರುಗಿ ಪೊರಿಗೆ ಹೋಗತೈತಿ. 2007ರಾಗ ಗ್ಲಾಸ್ಗೋದ ಮೈಕ್ ಬ್ಲಾಟ್ ಅವರ ತಂಡ ಇದನ್ನ ಬರದೈತಿ. ಬೆಳಕು ತಗಿ ಅಂತೈತಿ, ಬರ ಮುಚ್ಚು ಅಂತೈತಿ. ಎರಡೂ ಮಾತು ಕೊನಿಗೆ ಪೊರಿಯಾಗ ಏನು ಇಡಬೇಕು, ಏನು ತಗೀಬೇಕು ಅನ್ನೂದಕ್ಕ ಬಂದು ನಿಲ್ಲತಾವ.

ಕಾಕಾ: ಒಂದು ಮಾತು ನೇರ ಕೇಳ್ತೀನಿ, ಮನಸ್ಸಿಗೆ ಹಚ್ಚಿಕೋಬ್ಯಾಡ. ಇದರಿಂದ ರೈತಗ ಏನು ಬಂತು?

ಮಗಳು: ಕೇಳೂ ಹಕ್ಕು ನಿಮಗ ಐತಿ. ನಾಳೆ ಅಂಗಡಿಯಾಗ ಕೊಂಡು ಹೊಡಿಯೂ ಔಷಧ ಇದರಿಂದ ಬಂದಿಲ್ಲ. ಬಂದೈತಿ ಅಂತ ಯಾರರ ಮಾರಾಕ ಬಂದ್ರ ನಂಬಬ್ಯಾಡ್ರಿ. ಪೊರಿಯ ಓಡಾಟ ಎಲ್ಲಾ ಕೋಶದಾಗೂ ಐತಿ. ಅದನ್ನ ಒರಟಾಗಿ ತಡದ್ರ ಎಳಿ ಒಂದ ಅಲ್ಲ, ಬೇರು, ಎಲಿ, ಮೊಳಕಿ ಎಲ್ಲಾ ಕೆಡತೈತಿ. ಗ್ನೋಮ್ ಕೆಟ್ಟ ಮೊಳಕಿ ಅದನ್ನ ಹೇಳತೈತಿ. ಆದ್ರ ತಳಿ ಆರಿಸೂವಾಗ ಎಲ್ಲಿ ನೋಡಬೇಕು ಅನ್ನೂದು ಇದರಿಂದ ತಿಳೀತೈತಿ. ಕಾತರಕಿಯವರು ಎಳಿಯ ಉದ್ದ ಅಳದು, ಗಿಡದ ಇಳುವರಿ ತೂಗಿ, ತಾಳ್ಮಿಯಿಂದ ಆರಿಸಿದ್ರು. ಬಾರ್ಬಡೆನ್ಸ್ ಹತ್ತಿಯ ಎಳಿ ಅಮೆರಿಕನ್ ಹತ್ತಿಯ ಎಳಿಗಿಂತ ಹೆಚ್ಚು ದಿನ ಉದ್ದ ಆಗಕೋತ ಹೋಗತೈತಿ. ಅವರು ತಂದು ಕೂಡಿಸಿದ ಗುಣದ ಬೇರು ಆ ದಿನಗಳೊಳಗ ಐತಿ.

ಕಾಕಾ: ನಮ್ಮ ಜಯಧರ ಹತ್ತಿಯ ಎಳಿ 2 ಸೆಂಟಿಮೀಟರಿನ ಆಜುಬಾಜು ನಿಂತಬಿಡತೈತಿ. ವರಲಕ್ಷ್ಮಿ 3 ದಾಟತೈತಿ. ಆದ್ರ ಬರದಾಗ ತಡಕೊಂಡು ನಿಲ್ಲೂದು ಜಯಧರ. ಈ ಎರಿಮಣ್ಣಿನ ಹತ್ತಿ ಅದು.

ಮಗಳು: ನನಗ ಬೇಕಾದ ಪ್ರಶ್ನೆ ಅಲ್ಲೇ ಐತಿ. ಜಯಧರದ ಎಳಿಯಾಗ ಚೀಲದ ಓಡಾಟ ಯಾವ ದಿನ ಇಳೀತೈತಿ, ಉದ್ದ ಆಗೂ ಕೆಲಸ ಬಿಟ್ಟು ಗೋಡಿ ದಪ್ಪ ಮಾಡೂ ಕೆಲಸಕ್ಕ ಯಾವ ದಿನ ಹೊಳ್ಳತೈತಿ? ಒತ್ತಟ್ಟು ಸಾಲಿನ ನೆರಳಿನ್ಯಾಗ ಬೆಳದ ಕಾಯಿಯೊಳಗ ಆ ದಿನ ಹಿಂದ-ಮುಂದ ಆಗತೈತೇನು? ಇಷ್ಟು ಹೊತ್ತು ನಾ ಹೇಳಿದ್ದರಾಗ ಹೆಚ್ಚಿನ ಮಾತು ಅರಾಬಿಡಾಪ್ಸಿಸ್ ಗಿಡದ್ದು. ಅದು ಗಾಜಿನ ಬಟ್ಟಲದಾಗ, ಟ್ಯೂಬ್‌ಲೈಟಿನ ಕೆಳಗ ಬೆಳದದ್ದು. ಅದರ ಉಪಕಾರ ದೊಡ್ಡದು. ಆದ್ರ ಅದಕ್ಕ ಎರಿಮಣ್ಣು ಗೊತ್ತಿಲ್ಲ, ಮಳಿ ಹೋದಮ್ಯಾಲಿನ ಬಿಸಲು ಗೊತ್ತಿಲ್ಲ, 3 ಸೆಂಟಿಮೀಟರಿನ ಕೋಶ ಅದರ ಮೈಮ್ಯಾಲ ಎಲ್ಲೂ ಇಲ್ಲ.

ಕಾಕಾ: ಹಂಗಾದ್ರ ಎರಡು ತಳಿ, ಎರಡು ಅಂತರ, ನಾಕು ಪಟ್ಟಿ. ಬಿತ್ತಿ ಕೊಡೂದು ನನ್ನ ಕೆಲಸ. ಹೂ ಯಾವತ್ತ ಅರಳಿತು, ಕಾಯಿಗೆ ಎಷ್ಟು ದಿನ ಆತು ಅನ್ನೂದು ನನ್ನಷ್ಟು ಸರಿಯಾಗಿ ನಿನ್ನ ಯಂತ್ರಕ್ಕ ತಿಳಿಯೂದಿಲ್ಲ.

ಮಗಳು: ತಿಳಿಯೂದಿಲ್ಲ ಕಾಕಾ. ಕಾಯಿಯ ವಯಸ್ಸು ತಪ್ಪಿದ್ರ ನಮ್ಮ ಲೆಕ್ಕ ಎಲ್ಲಾ ತಪ್ಪು. ವರಲಕ್ಷ್ಮಿಯ ಕಾಲಕ್ಕ ಈ ಊರಿನ ಮಂದಿ ಹತ್ತಿ ಎಳಿ ಉದ್ದ ಮಾಡಾಕ ಬರತೈತಿ ಅಂತ ದೇಶಕ್ಕ ತೋರಿಸಿದ್ರು, ಕೋಶದ ಒಳಗ ಕಣ್ಣು ಹಾಕದನ. ಈಗ ಒಳಗ ನೋಡೂ ಕಣ್ಣು ಸಿಕ್ಕೈತಿ. ಗಿಡ ತನ್ನ ಪೊರಿಯಾಗ ಯಾವುದನ್ನ ಎಲ್ಲಿ ಇಡತೈತಿ, ಯಾವಾಗ ತಗೀತೈತಿ ಅನ್ನೂದನ್ನ ಇದ ಮಣ್ಣಿನ ಹತ್ತಿಯನ್ನ ಕೇಳಿ ತಿಳಕೊಳ್ಳೂ ಕೆಲಸ ಧಾರವಾಡದ್ದು. ಅದನ್ನ ಬ್ಯಾರೆ ಊರಿನವರು ನಮ್ಮ ಸಲುವಾಗಿ ಮಾಡಿಕೊಡೂದಿಲ್ಲ.